ಕೆಂಪು ಮಾತ್ರೆಯ ಪಾಲು

೫-೭-೮೪, ಗುರುವಾರ

ಬಿಳಿಗೆರೆ ಕ್ಲಿನಿಕ್ಕು ಇವತ್ತೂ ನನ್ನಿಂದಲೇ ನಡೆಯಿತು. ಡಾಕ್ಟರು ತಿಪಟೂರಿನಿಂದ ಜೀಪಿನಲ್ಲಿ ಬಂದು ಬಡವರಿಗೆ ಬಿಟ್ಟಿ ಔಷಧಿ ಕೊಡುತ್ತಾರೆ, ನಿಜ. ಜಾಗ ಯಾರದು? ನನ್ನ ಜಗಲಿ. ಸಾಲು ನಿಲ್ಲಿಸುವ ಗಂಟಲು ಯಾರದು? ಹೇಳಬೇಕಿಲ್ಲ.

ನರ್ಸು ದ್ರಾಕ್ಷಾಯಣಿ ನನ್ನ ಅಣ್ಣನ ಮಗಳು. ಆದರೂ ಎಲ್ಲರೆದುರು, "ಚಿಕ್ಕಪ್ಪ, ನೀವ್ ಸುಮ್ನಿದ್ರೆ ಡಾಕ್ಟ್ರಿಗೆ ಎದೆ ಬಡಿತ ಕೇಳಿಸ್ತದೆ" ಅಂದಳು!

ನಮ್ಮ ತೋಟದ ಕಾಯಿ ಸುಲಿಯುವ ತಿಪ್ಪಯ್ಯನಿಗೆ ಟಿ.ಬಿ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೆಂಪು ಮಾತ್ರೆ. "ಉಚ್ಚೆ ಕೆಂಪಗಾಗ್ತದೆ, ಹೆದರ್ಕೋಬ್ಯಾಡ" ಎಂದು ದ್ರಾಕ್ಷಾಯಣಿ ಅವನಿಗೆ ಹೇಳಿದಳು.

೨-೮-೮೪, ಗುರುವಾರ

ತಿಪ್ಪಯ್ಯನ ಕೆಮ್ಮು ಇಳಿದಿಲ್ಲ. ಮೈ ಇನ್ನೂ ಸೊರಗಿದೆ. ಮಾತ್ರೆಯೇನೋ ಖಾಲಿಯಾಗಿದೆ. "ಹಿಂಗೇ ಆದ್ರೆ ಉಳಿಯಲ್ಲ ಚಿಕ್ಕಪ್ಪ" — ದ್ರಾಕ್ಷಾಯಣಿ.

ಬಿಟ್ಟಿ ಔಷಧಿಯಲ್ಲವೇ, ಕಸುವಿಲ್ಲ ಅಂದೆ. ದುರುಗುಟ್ಟಿ ನೋಡಿದಳು.

೩-೮-೮೪

ತಿಪ್ಪಯ್ಯನ ಹೆಂಡತಿ ಭೂತಮ್ಮ ಮಜ್ಜಿಗೆಗೆ ಬಂದಿದ್ದಳು.

"ಮಾತ್ರೆ ಜೋರಾಗೈತೆ ಯಜಮಾನ್ರೇ. ಹುಡುಗ್ರು ಉಚ್ಚೆನೂ ಕೆಂಪು!"

"ಹುಡುಗ್ರುದ್ಯಾಕೆ?"

"ಇವತ್ತು ಅವ್ರು, ನಾಳೆ ನಾನು, ನಾಡಿದ್ದು ಹುಡುಗ್ರು. ಮನೇಲಿ ಒಬ್ಬರೇ ತಿನ್ನಕಾಯ್ತದಾ?"

ಸೈಕಲ್ ಹತ್ತಿ ತಿಪಟೂರಿಗೆ ಹೋದೆ. ಕಂಡುಹಿಡಿದವನು ನಾನೇ ಎಂದು ಡಾಕ್ಟರಿಗೂ ಹೇಳಿದೆ, ಕಾಂಪೌಂಡರಿಗೂ ಹೇಳಿದೆ. ಮಕ್ಕಳನ್ನು ಪರೀಕ್ಷೆಗೆ ಕರೆತರಬೇಕಂತೆ. ತಿಪ್ಪಯ್ಯ ಇನ್ನು ನನ್ನ ಕಣ್ಣೆದುರೇ ನುಂಗಬೇಕು.

೬-೮-೮೪, ಬೆಳಿಗ್ಗೆ

ಮಕ್ಕಳಿಗೆ ಏನೂ ಇಲ್ಲ, ಸದ್ಯ. ಆದರೆ ತಿಪ್ಪಯ್ಯ ಮಾತ್ರೆ ಹಿಡಿದು ಕೂತೇ ಇದ್ದ.

"ನುಂಗಲಾ!"

"ನೀವು ನೋಡ್ತಾ ಕುಂತ್ರೆ ನಾನೊಬ್ನೇ ಹೆಂಗ್ ನುಂಗ್ಲಿ? ನೀವೂ ಏನಾರ ಬಾಯಿಗಾಕ್ಕಳ್ಳಿ."

"ನಂಗೇನ್ ರೋಗ್ವೇನ್ಲಾ?"

"ಹಂಗಾರೆ ಬುಡಿ."

ನನಗೊಂದು ಬೆಲ್ಲದ ಚೂರು ತಂದುಕೊಂಡೆ. ಇಬ್ಬರೂ ಒಟ್ಟಿಗೆ ಬಾಯಿ ತೆರೆದೆವು. ಹೋಯಿತು ಒಳಗೆ.

೧೩-೯-೮೪, ಗುರುವಾರ

ತಿಪ್ಪಯ್ಯ ರಾತ್ರಿ ಕೆಮ್ಮದೆ ಮಲಗುತ್ತಾನಂತೆ. ತೂಕ ಏರಿದೆ. ನನ್ನದು ಅವನಿಗಿಂತ ಹೆಚ್ಚು ಏರಿದೆ. ದ್ರಾಕ್ಷಾಯಣಿ ನನ್ನ ರಕ್ತವನ್ನೂ ನೋಡಿದಳು. "ಬೆಲ್ಲ ನಿಲ್ಸಿ ಚಿಕ್ಕಪ್ಪ, ಸಕ್ಕರೆ ಕಾಯ್ಲೆ ಬಾಗ್ಲಲ್ಲೈತೆ."

"ನಾನು ನಿಲ್ಸಿದ್ರೆ ಅವನೂ ನಿಲ್ಸ್ತಾನೆ ಕಣವ್ವ."

ಅವಳ ಮಾತು ನನ್ನ ಹೆಂಡತಿಯ ಕಿವಿಗೂ ಬಿತ್ತು.

೧೪-೯-೮೪, ಬೆಳಿಗ್ಗೆ

ಬೆಲ್ಲದ ಡಬ್ಬಿ ಮಾಯ. ಹೆಂಡತಿ ಬಚ್ಚಿಟ್ಟಿದ್ದಾಳೆ. ಜಗಲಿಯಲ್ಲಿ ತಿಪ್ಪಯ್ಯ ಅಂಗೈ ಮೇಲೆ ಮಾತ್ರೆ ಇಟ್ಟುಕೊಂಡು, "ಬೆಲ್ಲ ಇಲ್ದಿದ್ರೆ ನಾಳೆ ತಿಂತೀನಿ ಬುಡಿ..." ಎಂದು ಏಳುತ್ತಿದ್ದ. ಅಡಿಗೆಮನೆಯಲ್ಲಿ ತಡಕಾಡಿದೆ. ಕೈಗೆ ಸಿಕ್ಕಿದ್ದು ಒಂದು ಹಸಿಮೆಣಸಿನಕಾಯಿ. ಹಾಕಿಕೊಂಡೆ. ಅವನೂ ನುಂಗಿದ.

"ನಿಮ್ ಮಾತ್ರೆನೇ ಖಡಕ್ಕು ಕಣ್ರೀ!"

ಅಳಲಿಲ್ಲ ನಾನು. ಕಣ್ಣಲ್ಲಿ ನೀರು ತಾನಾಗಿ ಬಂದದ್ದು. ಮಿಕ್ಕದ್ದು ಆಮೇಲೆ, ಮೊದಲು ಒಂದು ಲೋಟ ಮಜ್ಜಿ—