ಬೆರಳಿಲ್ಲದ ಕಡಲತಾಯಿ

ಬರ್ಕ್ಲಿ
ಆಗಸ್ಟ್ 4, 2024

ಪ್ರಕಾಶ್,

'ಪ್ರೀತಿಯ' ಎಂದು ಬರೆಯುವ ಹಕ್ಕು ಈಗ ನನಗಿದೆಯೋ ಇಲ್ಲವೋ. ಇದೆ ಅಂದುಕೊಂಡೇ ಓದು. ಇದನ್ನು ಫೋನಿಗೆ ಹೇಳಿ ಬರೆಸುತ್ತಿದ್ದೇನೆ. ನನ್ನ ಹಾಸನದ ಕನ್ನಡ ಅದಕ್ಕೆ ಅಷ್ಟಾಗಿ ಹಿಡಿಸುವುದಿಲ್ಲ. ತಪ್ಪಿದ್ದರೆ ನೀನೇ ತಿದ್ದಿಕೊ.

ಏಪ್ರಿಲ್‌ನಲ್ಲಿ ನಡೆದದ್ದನ್ನು ನಿನಗೆ ಸರಿಯಾಗಿ ಹೇಳಲೇ ಇಲ್ಲ. ಚಳಿಗೆ ಬಲಗೈ ಬೆರಳು ಹೋದವು ಎಂದಷ್ಟೇ ಹೇಳಿದ್ದೆ. ನೀನು ಮೆನ್ಲೋ ಪಾರ್ಕಿನ ಆಫೀಸಿನಿಂದ ನೇರ ಇಲ್ಲಿನ ಆಸ್ಪತ್ರೆಗೆ ಬಂದೆ, ಬ್ಯಾಂಡೇಜು ನೋಡುತ್ತಾ ಬಾಗಿಲಲ್ಲೇ ನಿಂತೆ. ಏನಾಯಿತೆಂದು ಕೇಳಲಿಲ್ಲ.

ಕೆನಡಾದ ಉತ್ತರದ ತುದಿಯ ಆ ದ್ವೀಪದಲ್ಲಿ ಜೋನಾ ಎಂಬ ಇನುಯಿಟ್ ಬುಡಕಟ್ಟಿನ ಬೇಟೆಗಾರ ನನಗೆ ದಾರಿ ತೋರಿಸುತ್ತಿದ್ದ. ನಾನು ಹೋಗಿದ್ದು ಸೀಲ್‌ಗಳ ಫೋಟೋ ತೆಗೆಯಲು. ಅವನ ತಾಯಿ ಲಿಯಾ ಮೊದಲ ದಿನವೇ ನನ್ನನ್ನು ಒಲೆಯ ಪಕ್ಕ ಕೂರಿಸಿಕೊಂಡು, ಫೋಟೋ ಆಮೇಲೆ ತೆಗಿ, ಮೊದಲು ಅವು ಯಾರ ಮಕ್ಕಳೆಂದು ತಿಳಿದುಕೊ ಎಂದಳು. ಅವು ಕಡಲತಾಯಿಯ ಮಕ್ಕಳಂತೆ. ಅವಳು ಮೊದಲು ಒಬ್ಬ ಸಾಮಾನ್ಯ ಹುಡುಗಿ. ಬಿರುಗಾಳಿಯಲ್ಲಿ ದೋಣಿ ಮಗುಚುವ ಹೊತ್ತಿಗೆ ಭಾರ ಇಳಿಸಲು ಅಪ್ಪನೇ ಅವಳನ್ನು ನೀರಿಗೆ ತಳ್ಳಿದ. ಅವಳು ದೋಣಿಯ ಅಂಚು ಬಿಡಲಿಲ್ಲ. ಅವನು ಬೆರಳುಗಳನ್ನೇ ಕತ್ತರಿಸಿದ. ಆ ಬೆರಳುಗಳೇ ಸೀಲ್‌ಗಳಾದವು, ಅವಳು ತಳ ಸೇರಿದಳು. ಜನ ತಪ್ಪು ಮಾಡಿದಾಗಲೆಲ್ಲ ಅವಳ ಕೂದಲು ಸಿಕ್ಕುಗಟ್ಟುತ್ತದೆ. ಬಾಚಿಕೊಳ್ಳಲು ಬೆರಳಿಲ್ಲವಲ್ಲ, ಸಿಟ್ಟಿಗೆ ಬೇಟೆ ಸಿಗದ ಹಾಗೆ ಪ್ರಾಣಿಗಳನ್ನೆಲ್ಲ ಬಚ್ಚಿಡುತ್ತಾಳೆ. ಆಗ ಯಾರಾದರೂ ಕೆಳಗಿಳಿದು ಅವಳ ತಲೆ ಬಾಚಬೇಕು.

ನಾಲ್ಕು ದಿನ ಚೆನ್ನಾಗಿಯೇ ಇತ್ತು. ಐದನೆಯ ದಿನ ಹಿಂದಿರುಗುವಾಗ ಕಡಲ ಮೇಲಿನ ಮಂಜುಗಡ್ಡೆ ಒಡೆಯಿತು. ಹಿಂದಿನ ವರ್ಷ ಅದೇ ವಾರ ಅದೇ ಜಾಗದಲ್ಲಿ ಅದು ಗಟ್ಟಿಯಾಗಿತ್ತು ಎಂದು ಜೋನಾ ಬೆಳಿಗ್ಗೆ ತಾನೇ ಹೇಳಿದ್ದ. ಅವನು ಓಡಿಸುತ್ತಿದ್ದ ಹಿಮಬಂಡಿ ಮುಳುಗಿತು, ಅವನೂ ಮುಳುಗಿದ. ನಾನು ಹಿಂದೆ ಅದಕ್ಕೆ ಕಟ್ಟಿದ್ದ ಎಳೆಗಾಡಿಯಲ್ಲಿದ್ದೆ, ಹೊರಗೆ ಉರುಳಿದೆ. ತೆವಳಿಕೊಂಡು ಹೋಗಿ ಅವನ ತೋಳು ಹಿಡಿದೆ. ಎಳೆದೆ ಪ್ರಕಾಶ್, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಳೆದೆ. ಎಳೆದಷ್ಟೂ ನನ್ನ ಕೆಳಗಿನ ಮಂಜೇ ಬಿರುಕು ಬಿಡುತ್ತಿತ್ತು. ಬಿಟ್ಟುಬಿಡು ಎಂದ. ಬಿಡಲಿಲ್ಲ. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ನೋಡಿದರೆ ನನ್ನ ಕೈ ಹಿಡಿದ ಹಾಗೆಯೇ ಇತ್ತು, ಅದರಲ್ಲಿ ಅವನಿರಲಿಲ್ಲ.

ಊರಿನವರು ಹುಡುಕಿಕೊಂಡು ಬಂದು ನನ್ನನ್ನು ಅಲ್ಲಿನ ಚಿಕ್ಕ ಆಸ್ಪತ್ರೆಗೆ ಸೇರಿಸಿದರು. ಮಾರನೆಯ ದಿನ ಲಿಯಾ ಬಂದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಅವಳು ಹಾಸಿಗೆಯ ಮೇಲೆ ಕುಳಿತು, ಬಾಚಣಿಗೆ ತೆಗೆದು, ನನ್ನ ತಲೆಯ ಸಿಕ್ಕು ಬಿಡಿಸಿದಳು. ಮಗನನ್ನು ಕಳೆದುಕೊಂಡವಳು ಅವಳು.

ಹೋದ ವಾರ ಈ ಕಥೆಯನ್ನು ಹರ್ಷಿತಾಗೆ ಹೇಳಿದೆ. ಬೆರಳು ಕತ್ತರಿಸುವ ಭಾಗ ಬಿಡೋಣವೆಂದಿದ್ದೆ, ಅವಳು ಬಿಡಿಸಿ ಬಿಡಿಸಿ ಕೇಳಿದಳು. ಕೊನೆಗೆ, "ಬಟ್ ಅಮ್ಮ, ವೇರ್ ವಾಸ್ ಹರ್ ಮಾಮ್?" ಎಂದಳು. ಲಿಯಾ ಹೇಳಿದ ಕಥೆಯಲ್ಲಿ ತಾಯಿ ಇರಲೇ ಇಲ್ಲ. ಗೊತ್ತಿಲ್ಲ ಪುಟ್ಟಾ ಎಂದೆ.

ಅವಳ ಪಾದದ ಮೇಲಿನ ಸುಟ್ಟ ಗಾಯದ ಬಗ್ಗೆ, ತಾನೇ ಸಾರಿನ ಪಾತ್ರೆ ತಳ್ಳಿದೆ ಎಂದು ನಿನಗೆ ಹೇಳಿದ್ದಾಳಲ್ಲ, ಅದು ಸುಳ್ಳು. ಪಾತ್ರೆ ನನ್ನ ಕೈಯಿಂದ ಜಾರಿತು. ಉರಿಯುವ ಕಾಲನ್ನು ನಲ್ಲಿಯ ಕೆಳಗೆ ಹಿಡಿದುಕೊಂಡು, "ಇಟ್ಸ್ ಓಕೆ ಅಮ್ಮ, ಅಪ್ಪ ಹತ್ರ ನಾನೇ ಮಾಡಿದ್ದು ಅಂತೀನಿ" ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು. ಎಂಟು ವರ್ಷದ ಮಗು ಪ್ರಕಾಶ್. ನನ್ನನ್ನು ಕಾಯುವ ಕೆಲಸ ಅವಳ ಮೇಲೆ ಬಿತ್ತು.

ಆದ್ದರಿಂದ ನೀನು ಹೋಗಲಿರುವ ಆಸ್ಟಿನ್‌ಗೆ ಅವಳನ್ನೂ ನಿನ್ನ ಜೊತೆ ಕರೆದುಕೊಂಡು ಹೋಗು. ವಕೀಲರ ಹತ್ತಿರ ಜಗಳವಾಡುವುದಿಲ್ಲ. ಅಲ್ಲಿ ನಿನ್ನಮ್ಮ ಇರುತ್ತಾರೆ, ಜಡೆ ಹಾಕುತ್ತಾರೆ, ಬಿಸಿಬಿಸಿ ಅಡುಗೆ ಮಾಡಿ ಹಾಕುತ್ತಾರೆ. ನನಗೆ ಇಲ್ಲೇ ಯೂನಿವರ್ಸಿಟಿಯಲ್ಲಿ ಫೋಟೋಗ್ರಫಿ ಪಾಠ ಮಾಡುವ ಕೆಲಸ ಸಿಗುವ ಹಾಗಿದೆ, ನನ್ನ ಚಿಂತೆ ಬೇಡ. ಕೈಯೂ ದಿನದಿಂದ ದಿನಕ್ಕೆ ವಾಸಿಯಾಗುತ್ತಿದೆ. ರಜೆಯಲ್ಲಿ ಅವಳನ್ನು ಕಳಿಸಿದರೆ ಸಾಕು. ಕಳಿಸುತ್ತೀಯ ತಾನೇ?

ಇಂತಿ,
ಹೇಮಶ್ರೀ

ಮರೆತಿದ್ದೆ: ಹರ್ಷಿತಾಳನ್ನು ನಿನಗೆ ಬಿಟ್ಟುಕೊಡಲು ನೀನು ಕಳಿಸಿದ ಒಪ್ಪಿಗೆ ಪತ್ರ ಇದರ ಜೊತೆಗಿದೆ. ಸಹಿ ಎಡಗೈಯದು, ವಕೀಲರಿಗೆ ಹೇಳು. ಅದನ್ನು ಅಭ್ಯಾಸ ಮಾಡುತ್ತಿದ್ದಾಗ ಹರ್ಷಿತಾ ಬಂದಳು. ಅಕ್ಷರ ಸೊಟ್ಟಗಿದೆ ಎಂದು ನಕ್ಕು, ನನ್ನ ಮಣಿಕಟ್ಟು ಹಿಡಿದು, ಸರಿಯಾಗುವ ತನಕ ಬಿಡದೆ ಬರೆಸಿದಳು. ಯಾವುದಕ್ಕೆ ಸಹಿ ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.