ನಮ್ಮ ಮನೆಯಲ್ಲಿ ಯಾರೂ ನುಂಗದ ಮಾತ್ರೆ

ಅಂಗಡಿಯ ಹಿಂದಿನ ಕೋಣೆ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ ನಿನ್ನ ಕತ್ತರಿಯ ನಮಸ್ಕಾರಗಳು.

ಹೇಗಿದ್ದೀಯ? ಹಡಗಿನ ಅಡುಗೆಮನೆಯಲ್ಲಿ ದಿನವಿಡೀ ನಿಂತು ಕಾಲು ಊದುತ್ತಿದೆ ಎಂದಿದ್ದೆಯಲ್ಲ, ಈಗ ಇಳಿದಿದೆಯೇ? ನಾನು ಕಳಿಸಿದ ಬಿಗಿ ಕಾಲುಚೀಲ ಹಾಕಿಕೊಳ್ಳುತ್ತೀಯೋ, ಪೆಟ್ಟಿಗೆಯ ತಳಕ್ಕೆ ತುರುಕಿದ್ದೀಯೋ? ನಿನ್ನನ್ನು ಬಲ್ಲೆ, ಎರಡನೆಯದೇ ಇರಬೇಕು. ಹಡಗಿನವರಿಗೆಲ್ಲ ಉಪ್ಪು ಕಡಿಮೆ ಮಾಡಿ, ನೀರು ಕುಡಿಯಿರಿ ಎಂದು ಉಪದೇಶ ಮಾಡುವವಳು ನಿನ್ನ ಸರದಿ ಬಂದಾಗ ಮಾತು ತೇಲಿಸುತ್ತೀಯ. ಇಲ್ಲಿ ಇವರು ಕ್ಷೇಮ. ಇಷ್ಟು ವರ್ಷ ಹೊಲಿಗೆ ಯಂತ್ರದ ಸದ್ದು ಕೇಳಿ ಕಿವಿ ಮಂದವಾಗಿದೆ, ಆದರೆ ಊಟಕ್ಕೆ ಕರೆದರೆ ಮಾತ್ರ ಬೀದಿಯ ಆ ತುದಿಯಲ್ಲಿದ್ದರೂ ಕೇಳಿಸುತ್ತದೆ.

ಹೋದ ಸಲ ನೀನು ಬಂದರಿನಿಂದ ಫೋನ್ ಮಾಡಿದಾಗ ಡಾಕ್ಟರಮ್ಮ ಹೇಳಿದ ಆ ಮಾತ್ರೆಯ ವಿಷಯ ನಾನು ಎತ್ತಿದೆ, ನೀನು ಸಿಡಿದೆ, ಅಷ್ಟರಲ್ಲಿ ಲೈನ್ ಕಡಿಯಿತು. ಅದಕ್ಕೇ ಈ ಪತ್ರವನ್ನು ಮುಂದಿನ ಬಂದರಿಗೆ ಕಳಿಸುತ್ತಿದ್ದೇನೆ. ಪತ್ರದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ. ನನ್ನ ರುಮಟಾಯ್ಡ್ ಸಂಧಿವಾತ ನಿನಗೆ ಹೊಸದಲ್ಲ. ಬೆಳಿಗ್ಗೆ ಬೆರಳು ಮಡಚಲು ಬಾರದೆ ಬಿಸಿನೀರಲ್ಲಿ ಅದ್ದಿ ಕೂರುವುದು, ಆಮೇಲೆ ಕತ್ತರಿ ಹಿಡಿಯುವುದು, ಇದಕ್ಕೆ ಒಗ್ಗಿಹೋಗಿದ್ದೆ. ಹೊಸದೆಂದರೆ ಪಾದದ ಉರಿ. ಹಾಸಿಗೆಯಲ್ಲಿ ಹೊದಿಕೆ ತಾಕಿದರೂ ಕೆಂಡ ಮೆಟ್ಟಿದ ಹಾಗೆ. ಇದರ ಮೇಲೆ ಮುಟ್ಟು ನಿಂತು, ಬರಗಾಲದಲ್ಲಿ ಅಧಿಕ ಮಾಸ ಎನ್ನುವಂತೆ, ಹೊತ್ತಿಲ್ಲದ ಹೊತ್ತಿನಲ್ಲಿ ಎದೆಯಿಂದ ತಲೆಗೆ ಬಿಸಿ ಏರುತ್ತದೆ. ಉರಿಯೂ ಗಂಟಿನದೇ ಎಂದುಕೊಂಡು ನಾನು ಅಂಗಡಿಯಿಂದ ನೋವಿನ ಮಾತ್ರೆ ತಂದು ತಂದು ನುಂಗಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಬಿದ್ದದ್ದು ನನ್ನ ಹೊಟ್ಟೆಗೆ.

ಡಾಕ್ಟರ ಬಳಿಗೆ ನನ್ನನ್ನು ಓಡಿಸಿದ್ದು ಮಾತ್ರ ಒಂದು ಕೋಟು. ಸಂಗೀತದ ಮೇಷ್ಟರೊಬ್ಬರು ಕಚೇರಿಗೆ ಹಾಕಿಕೊಳ್ಳಲೆಂದು ಮಖಮಲ್ಲು ತಂದುಕೊಟ್ಟಿದ್ದರು. ಮಖಮಲ್ಲಿನ ನಯ ಒಂದೇ ದಿಕ್ಕಿಗೆ ಇರಬೇಕು, ಒಂದೊಂದೇ ತೋಳು ಹರಡಿ ಕತ್ತರಿಸಬೇಕು. ಒಂದಾದ ಮೇಲೆ ಪ್ಯಾಟರ್ನ್ ಕಾಗದವನ್ನು ಮಗುಚಿ ಇನ್ನೊಂದು. ಎಡತೋಳು ಕತ್ತರಿಸಿ ಮುಗಿಸುವಷ್ಟರಲ್ಲಿ ಬಿಸಿ ಏರಿತು. ಕೈಗೆ ಸಿಕ್ಕಿದ ಆ ಕಾಗದವನ್ನೇ ಬೀಸಣಿಗೆ ಮಾಡಿಕೊಂಡು ಗಾಳಿ ಬೀಸಿಕೊಂಡೆ. ಮೈ ತಣ್ಣಗಾದ ಮೇಲೆ ಮಗುಚುವುದನ್ನು ಮರೆತು ಹಾಗೇ ಇಟ್ಟು ಕತ್ತರಿಸಿಬಿಟ್ಟೆ. ಎರಡೂ ಎಡತೋಳು! ಇವರು ಎರಡನ್ನೂ ಎತ್ತಿ ಹಿಡಿದು, ಮೇಷ್ಟರು ಎರಡು ಎಡಗೈಯಲ್ಲಿ ವಾದ್ಯ ನುಡಿಸುತ್ತಾರೇನೋ ಎಂದರು. ಇಬ್ಬರೂ ನಕ್ಕೆವು. ಆಮೇಲೆ ಒಳಕ್ಕೆ ಹೋಗಿ ಅತ್ತೆ. ಬೆರಳು ಹೋದರೂ ಕಣ್ಣು ಮತ್ತು ತಲೆ ಇವೆ ಎಂಬ ಧೈರ್ಯದಲ್ಲಿದ್ದವಳು ನಾನು. ಅದೂ ಹೋದರೆ ಈ ಮೇಜಿನ ಮುಂದೆ ನಿಲ್ಲುವ ಹಕ್ಕು ನನಗೆಲ್ಲಿ?

ಡಾಕ್ಟರಮ್ಮ ಗಂಟುಗಳನ್ನು ಒತ್ತಿ ನೋಡಿ, ರಕ್ತದ ವರದಿ ಓದಿ, ಸಂಧಿವಾತ ಸದ್ಯಕ್ಕೆ ಹತೋಟಿಯಲ್ಲಿದೆ, ಪಾದದ್ದು ನರನೋವು ಎಂದರು. ಖಿನ್ನತೆಗೆ ಕೊಡುವ ಒಂದು ಮಾತ್ರೆ ನರನೋವಿಗೂ ಈ ಬಿಸಿಗೂ ಕೆಲವರಿಗೆ ಆಗಿಬರುತ್ತದಂತೆ, ಎಲ್ಲರಿಗೂ ಅಲ್ಲ. ಬಿಸಿಗೆ ಹಾರ್ಮೋನಿನ ದಾರಿಯೂ ಇದೆ, ಆದರೆ ಅದು ಪಾದದ ಉರಿಯನ್ನು ಮುಟ್ಟುವುದಿಲ್ಲ. ನಿನ್ನ ಫೋನ್ ಬಂದ ಮೇಲೆ ಅವರ ಬಳಿಗೆ ಮತ್ತೊಮ್ಮೆ ಹೋದೆ, ನಿನ್ನ ಮಾತು ತಲೆಯಲ್ಲಿ ಕೂತಿತ್ತಲ್ಲ, ಎಲ್ಲವನ್ನೂ ಕೆದಕಿ ಕೇಳಿದೆ. ಮಂಕಾಗುತ್ತೇನೆಯೇ? ಕೆಲವರಿಗೆ ಮೊದಮೊದಲು ನಿದ್ದೆ, ಹೊಟ್ಟೆ ತೊಳಸುವುದು, ಕಡಿಮೆಯಿಂದ ಶುರುಮಾಡೋಣ. ಬಿಡಲಾಗುವುದಿಲ್ಲವೇ? ಬಿಡಬಹುದು, ಥಟ್ಟನೆ ಅಲ್ಲ, ಮೆಲ್ಲಮೆಲ್ಲನೆ ಇಳಿಸಿ. ಗಂಟಿನ ಮಾತ್ರೆ ನಿಲ್ಲಿಸಬೇಕೇ? ಖಂಡಿತ ಬೇಡ, ಇದು ಅದರ ಕೆಲಸ ಮಾಡುವುದಿಲ್ಲ. ಅಂಗಡಿಯಿಂದ ತರುವ ನೋವಿನ ಮಾತ್ರೆ ಮಾತ್ರ ಸಾಕು ಮಾಡಿ, ಇದರ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಒಸರುವ ಭಯ ಹೆಚ್ಚು ಎಂದರು. ನಿಮ್ಮ ಮನೆಯಲ್ಲಿ ಯಾರಾದರೂ ಇಂಥದ್ದು ತೆಗೆದುಕೊಂಡಿದ್ದಾರೆಯೇ, ಒಬ್ಬರಿಗೆ ಒಗ್ಗಿದ್ದು ಒಡಹುಟ್ಟಿದವರಿಗೂ ಕೆಲವೊಮ್ಮೆ ಒಗ್ಗುತ್ತದೆ ಎಂದೂ ಕೇಳಿದರು. ಯಾರೂ ಇಲ್ಲ ಎಂದೆ.

ಬೆಳಗಿನ ಬೆರಳ ಬಿಗಿತ ಇನ್ನೂ ಇದೆಯಲ್ಲ, ಗಂಟಿನ ಮಾತ್ರೆಯನ್ನೂ ಇದೇ ವಾರ ಬೇರೆಯದಕ್ಕೆ ಬದಲಿಸೋಣ ಎಂದು ಅವರು ಹೊರಟರು. ಅಲ್ಲಿ ನಾನು ಒಪ್ಪಲಿಲ್ಲ. “ನಮ್ಮ ಕೆಲಸದಲ್ಲಿ ಒಂದು ಸಲಕ್ಕೆ ಒಂದೇ ಹೊಲಿಗೆ ಬಿಚ್ತೀವಿ ಡಾಕ್ಟ್ರೇ. ಭುಜ, ಸೊಂಟ ಎರಡೂ ಒಟ್ಟಿಗೆ ಬಿಚ್ಚಿದ್ರೆ ಕೋಟು ಯಾವುದರಿಂದ ಮೈಗೆ ಸರಿಯಾಗಿ ಕೂತ್ಕೊಳ್ತು, ಯಾವುದರಿಂದ ಕೆಟ್ಟುಹೋಯ್ತು ಗೊತ್ತಾಗಲ್ಲ,” ಎಂದೆ. ಅವರು ಪೆನ್ನು ಕೆಳಗಿಟ್ಟು ನಕ್ಕರು, ಗಂಟು ಹೇಗೂ ಸುಮ್ಮನಿದೆ, ಸರಿ, ಅದು ಹಾಗೇ ಇರಲಿ ಎಂದರು. ಈಗ ನೋಡು, ನಾನು ತೀರ್ಮಾನ ಮಾಡಿಯಾಯಿತು. ನಾಳೆ ಬೆಳಿಗ್ಗೆ ತಿಂಡಿಯ ಮೇಲೆ ಶುರು. ಕೋಟಿಗೆಂದು ತಂದ ಬಟ್ಟೆಯಲ್ಲಿ ನಾವು ಟೋಪಿ ಹೊಲಿದಿಲ್ಲವೇ? ಆಗಿಬಂದರೆ ಬಂತು, ಇಲ್ಲದಿದ್ದರೆ ಮೆಲ್ಲಗೆ ಬಿಚ್ಚಿದರಾಯಿತು. “ಬೇಡ ಕಣೇ, ಒಂದ್ಸಲ ಶುರು ಮಾಡಿದ್ರೆ ಜನ ನಿನ್ನ ನೋಡೋ ರೀತಿನೇ ಬೇರೆ ಆಗುತ್ತೆ,” ಎಂದೆಯಲ್ಲ, ಜನ ನೋಡುವುದು ನಾನು ಹೊಲಿದ ಕೋಟನ್ನು. ನಿನ್ನ ಮೇಲೆ ಸಿಟ್ಟಿಲ್ಲ. ನನ್ನನ್ನು ಕಳೆದುಕೊಳ್ಳುವ ಭಯದಿಂದ ಸಿಡಿದೆ ಎಂದು ನನಗೆ ಗೊತ್ತು.

ಮೇಷ್ಟರಿಗೆ ಬೇರೆ ಮಖಮಲ್ಲು ಹುಡುಕುತ್ತಿದ್ದೇವೆ. ನೀನು ಕಾಲುಚೀಲ ಹಾಕಿಕೋ, ಹೊತ್ತಿಗೆ ಸರಿಯಾಗಿ ಊಟಮಾಡು, ಗಾಳಿಯಲ್ಲಿ ಡೆಕ್ಕಿನ ಮೇಲೆ ಒಬ್ಬಳೇ ಕೂರಬೇಡ. ಇವರ ನಮಸ್ಕಾರ.

ನಿನ್ನ ಹಟಮಾರಿ ತಂಗಿ,
ಕತ್ತರಿ

ತಾ.ಕ.: ಕೊನೆಗೆ ತಮ್ಮದೊಂದು ಸಾಲು ಬರೆಯಲೆಂದು ಪತ್ರವನ್ನು ಇವರು ತೆಗೆದುಕೊಂಡರು. ‘ಯಾರೂ ಇಲ್ಲ ಎಂದೆ’ ಎನ್ನುವಲ್ಲಿಗೆ ಬಂದು ಕನ್ನಡಕ ತೆಗೆದಿಟ್ಟರು. “ಹಡಗಿಗೆ ಹೋಗೋ ಮುಂಚೆ ನಿಮ್ಮಕ್ಕ ಖಿನ್ನತೆಗೆ ಇಂಥದ್ದೇ ಮಾತ್ರೆ ಎರಡು ವರ್ಷ ತಗೊಂಡಿದ್ರು. ಔಷಧಿ ಅಂಗಡಿಯಿಂದ ನಾನೇ ತಂದುಕೊಡ್ತಿದ್ದೆ. ನಿನಗೆ ಹೇಳಬಾರದು ಅಂತ ಮಾತು ತಗೊಂಡಿದ್ರು,” ಎಂದರು. ಯಾವ ಮಾತ್ರೆಯೆಂದು ಇವರಿಗೆ ನೆನಪಿಲ್ಲ. ಅಕ್ಕಾ, ಬಂದರು ಸಿಕ್ಕ ದಿನವೇ ಫೋನ್ ಮಾಡು. ಅದರ ಹೆಸರು ಹೇಳು, ನಿನಗೆ ಒಗ್ಗಿತ್ತೇ ಹೇಳು. ಡಾಕ್ಟರಮ್ಮನಿಗೆ ನಾನು ಸರಿಯಾದ ಉತ್ತರ ಕೊಡಬೇಕು. ಈಗ ನಿಜವಾಗಿ ಹೇಗಿದ್ದೀಯ, ಅದನ್ನೂ ಹೇಳು. ನಾನು ಬೇರೆ ರೀತಿ ನೋಡುವುದಿಲ್ಲ.