ನಳಕ್ಕ ಸುತ್ತಿದ ಟೇಪ್

ರೀ,

ನಾ ಕಮಲಾಪುರಕ್ಕ ನೈಟ್ ಡ್ಯೂಟಿಗೆ ಹೊಂಟೀನಿ. ಮುಂಜಾನಿ ನಾ ಬರೂದ್ರಾಗ ನೀವು ಹೋಗಿರ್ತೀರಿ. ಬುಟ್ಟ್ಯಾಗ ರೊಟ್ಟಿ ಅವ, ಪುಂಡಿಪಲ್ಯ ಬಿಸಿ ಮಾಡ್ಕೊಂಡು ಉಣ್ರಿ.

ಅಡಗಿಮನಿ ನಳ ಸೋರಾಕತ್ತದ, ಕೆಳಗ ಬಕೀಟ್ ಇಟ್ಟೀನಿ. ಶರಣಸಿರಸಗಿ ಲೇಔಟಿನಾಗ ಮಂದಿ ನಳಕ್ಕೆಲ್ಲ ಸೋರದಂಗ ಟೆಫ್ಲಾನ್ ಟೇಪ್ ಸುತ್ತಿ ಬರ್ತೀರಿ, ನಮ್ಮ ಮನಿಗೇ ನಿಮಗ ಪುರಸೊತ್ತಿಲ್ಲ.

ನಿನ್ನೆ ನಾನೇ ನಿಮ್ಮ ಚೀಲದಾಗಿನ ಟೇಪ್ ತಗೊಂಡು, ನೀವು ಕಲಿಸಿದಂಗ ನಳ ತಿರುವೋ ಕಡೀಗೇ ಎಳೆದು ಸುತ್ತಿದ್ದೆ. ಒಂದು ಹನಿ ಸೋರಲಿಲ್ಲ. ನಳ ಸರಿ ಆತಂದ್ರ ಇನ್ನ ಐತವಾರನೂ ನೀವು ಕೆಲಸಕ್ಕ ಹೋಗ್ತೀರಿ ಅನಿಸ್ತು. ಮತ್ತ ಬಿಚ್ಚಿಬಿಟ್ಟೆ.

ಇವತ್ತು ಅದಕ್ಕ ಕೈ ಹಚ್ಚಬ್ಯಾಡ್ರಿ. ಐತವಾರ ನನಗ ಸೂಟಿ ಅದ. ನೀವು ಸುತ್ರಿ, ನಾ ಬಾಜೂಕ ಕುಂತು ಬ್ಯಾಟರಿ ಹಿಡೀತೀನಿ.

ಪಂಚಶೀಲಾ